ಹಾಡಿನ ಏಟು ಪರರ ಬೆನ್ನಿಗೆ ಮಾತ್ರವೇ?

ನಮ್ಮ ಪಟ್ಟಣಗಳ ಶಾದಿಮಹಲುಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿಬಿಟ್ಟಿದೆ. ಆಳಂದವಿರಲಿ, ಅಫಜಲಪುರವಿರಲಿ, ಜೇವರ್ಗಿಯಿರಲಿ, ಸೀರತ್ ಸಮಾವೇಶವೋ ಸಂವಿಧಾನ ಸಂರಕ್ಷಣೆಯ ಸಭೆಯೋ ಏರ್ಪಟ್ಟಾಗ ಎರಡು ಭಾಷಣಗಳ ನಡುವೆ ಒಬ್ಬ ತರುಣನು ಧ್ವನಿವರ್ಧಕದ ಮುಂದೆ ಬಂದು ನಿಲ್ಲುತ್ತಾನೆ. ಕಣ್ಣು ಮುಚ್ಚಿ, ದಬ್ಬಾಳಿಕೆಯ ವಿರುದ್ಧದ ಒಂದು ಉರ್ದು ನಝ್ಮನ್ನು ಹಾಡುತ್ತಾನೆ. ಹೆಚ್ಚಿನ ಸಲ ಅದು ಫೈಝ್ ಅಹ್ಮದ್ ಫೈಝ್‌ರ 'ಹಮ್ ದೇಖೇಂಗೆ' ಆಗಿರುತ್ತದೆ. ಹಾಡು ಏರುತ್ತಿದ್ದಂತೆ ಸಭಾಂಗಣವು ತಕ್ಬೀರ್‌ನಿಂದ ಮೊಳಗುತ್ತದೆ. ಹಿರಿಯರ ಕಣ್ಣು ತೇವಗೊಳ್ಳುತ್ತದೆ. ಮೊಬೈಲುಗಳು ಮೇಲೇಳುತ್ತವೆ.

ಆ ಹಾಡು ಯಾರ ವಿರುದ್ಧ ಹುಟ್ಟಿತೆಂಬುದನ್ನು ತಲೆದೂಗುವವರು ಒಮ್ಮೆಯಾದರೂ ವಿಚಾರಿಸಿದ್ದಾರೆಯೇ? 1979ರಲ್ಲಿ ರಚನೆಯಾದ ಆ ಕವಿತೆಯ ಗುರಿ ಯಾವ ಹಿಂದುತ್ವವಾದಿ ಸರಕಾರವೂ ಆಗಿರಲಿಲ್ಲ. ಇಸ್ಲಾಮಿನ ಹೆಸರು ಹೇಳಿಕೊಂಡು ಪಾಕಿಸ್ತಾನವನ್ನು ಆಳುತ್ತಿದ್ದ ಜನರಲ್ ಝಿಯಾವುಲ್ ಹಕ್‌ರ ಸರ್ವಾಧಿಕಾರವೇ ಅದರ ಗುರಿಯಾಗಿತ್ತು. 1986ರಲ್ಲಿ ಲಾಹೋರಿನಲ್ಲಿ ಇಕ್ಬಾಲ್ ಬಾನು ಅದನ್ನು ಹಾಡಿದಾಗ ಹಾಡಿದವರೂ ಮುಸ್ಲಿಮರು, ಕೇಳಿದವರೂ ಮುಸ್ಲಿಮರು, ಏಟು ತಿಂದವರೂ ಮುಸ್ಲಿಮ್ ಆಳರಸರೇ. 2019ರ ಡಿಸೆಂಬರಿನಲ್ಲಿ ಕಾನ್ಪುರದ ಐಐಟಿಯ ವಿದ್ಯಾರ್ಥಿಗಳು ಅದನ್ನು ಹಾಡಿದ ಬಳಿಕ, ಅದರಲ್ಲಿ ಹಿಂದೂ ವಿರೋಧವಿದೆಯೇ ಎಂಬ ದೂರನ್ನು ಪರಿಶೀಲಿಸಲು ಸಮಿತಿಯೊಂದು ನೇಮಕವಾಯಿತು. ನಾವೆಲ್ಲರೂ ನಕ್ಕೆವು. ನಗುವಂಥದ್ದೇ ಅದು. ಆದರೆ ಸತ್ಯವನ್ನು ಹೇಳಬೇಕಾದರೆ, ಆ ದೂರುಗಾರರಷ್ಟೇ ತಪ್ಪಾಗಿ ನಾವೂ ಆ ಹಾಡನ್ನು ಅರ್ಥ ಮಾಡಿಕೊಂಡಿದ್ದೇವೆ. ಅವರು ಅದನ್ನು ತಮ್ಮ ವಿರುದ್ಧದ ಹಾಡೆಂದು ಭಾವಿಸಿ ಬೆದರಿದರು. ನಾವು ಅದನ್ನು ಪರರ ವಿರುದ್ಧದ ಹಾಡೆಂದು ಭಾವಿಸಿ ಮೆಚ್ಚಿಕೊಂಡೆವು.

ಹೀಗೆ ಹೇಳಲು ಕಾರಣವಿದೆ. ಇಂತಹದೇ ಒಂದು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಕಣ್ಣೊರೆಸಿಕೊಂಡ ಸದ್ಗೃಹಸ್ಥರೊಬ್ಬರ ಮನೆಗೆ ಅದೇ ವಾರ ಮಗಳಿಗೊಂದು ಸಂಬಂಧ ಬಂದಿತ್ತು. ಹುಡುಗ ಡಿಪ್ಲೊಮಾ ಓದಿದ್ದಾನೆ, ನಮಾಝಿ, ಖಾಯಂ ನೌಕರಿಯಿದೆ, ವರದಕ್ಷಿಣೆ ಬೇಡವೆಂದು ತಾನಾಗಿಯೇ ಹೇಳಿ ಕಳುಹಿಸಿದ್ದಾನೆ. 'ಎಲ್ಲವೂ ಸರಿ ಭಾಯಿ, ಆದರೆ ಪಿಂಜಾರರವರು' ಎಂದು ಅವರು ನನ್ನೊಡನೆ ದನಿ ತಗ್ಗಿಸಿ ಹೇಳಿದರು. ಸಭೆಯಲ್ಲಿ ಅಷ್ಟು ಗಟ್ಟಿಯಾಗಿದ್ದ ದನಿ ಇಲ್ಲಿ ತಗ್ಗಿದ್ದು ಯಾತಕ್ಕೆ? ಹೇಳುತ್ತಿರುವುದು ನಾಚಿಕೆಗೇಡಿನ ಮಾತೆಂದು ಅವರಿಗೂ ತಿಳಿದಿತ್ತು.

ಅನ್ಯಾಯದ ವಿರುದ್ಧದ ಹಾಡು ಎಂದರೇನು, ಅದನ್ನು ಕೇಳಿದವನ ಮೇಲೆ ಯಾವ ಹೊಣೆ ಬೀಳುತ್ತದೆ ಎಂಬುದಕ್ಕೆ ಪ್ರವಾದಿವರ್ಯರ(ಸ) ಯೌವನದ ಒಂದು ಘಟನೆಯೇ ಸಾಕು. ಪ್ರವಾದಿತ್ವ ಲಭಿಸುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮುಂಚಿನ ಮಾತಿದು. ಯಮನಿನ ಝುಬೈದ್ ಕಡೆಯ ವರ್ತಕನೊಬ್ಬ ಸರಕು ಹೊತ್ತು ಮಕ್ಕಾಕ್ಕೆ ಬಂದ. ಪಟ್ಟಣದ ದೊಡ್ಡ ಕುಳ ಆಸ್ ಬಿನ್ ವಾಇಲ್ ಸರಕನ್ನು ಕೊಂಡು ಹಣ ಕೊಡಲು ನಿರಾಕರಿಸಿದ. ವರ್ತಕ ಮನೆ ಮನೆಯ ಬಾಗಿಲು ತಟ್ಟಿದ. ಆಸ್‌ನನ್ನು ಎದುರು ಹಾಕಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಪರದೇಶಿ, ಬಂಧು ಬಳಗವಿಲ್ಲದವನು, ನಾಳೆ ಒಂಟೆ ಹತ್ತಿ ಹೊರಟುಹೋಗುವವನು. ಕೊನೆಗೆ ಅವನು ಕುರೈಶ್ ಪ್ರಮುಖರು ಕಅಬಾದ ಸುತ್ತ ಕುಳಿತಿರುವ ಬೆಳಗಿನ ಹೊತ್ತನ್ನು ನೋಡಿಕೊಂಡು, ಎದುರಿನ ಅಬೂ ಕುಬೈಸ್ ಬೆಟ್ಟವನ್ನೇರಿ ತನಗಾದ ಅನ್ಯಾಯವನ್ನು ಪದ್ಯ ಕಟ್ಟಿ ಕೂಗಿ ಹೇಳಿದ.

ಕೆಳಗೆ ಕುಳಿತವರಲ್ಲಿ ಪ್ರವಾದಿವರ್ಯರ(ಸ) ದೊಡ್ಡಪ್ಪ ಝುಬೈರ್ ಬಿನ್ ಅಬ್ದುಲ್ ಮುತ್ತಲಿಬ್ ಮೊದಲು ಎದ್ದರು. ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಹಲವು ಗೋತ್ರಗಳ ಮುಖಂಡರು ಸೇರಿದರು. ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಊರಿನವನಾಗಲಿ ಪರದೇಶಿಯಾಗಲಿ, ಅವನ ಹಕ್ಕು ಅವನಿಗೆ ದಕ್ಕುವ ತನಕ ಅವನ ಪರವಾಗಿ ನಿಲ್ಲುತ್ತೇವೆಂದು ಕರಾರು ಮಾಡಿಕೊಂಡರು. ನೆಟ್ಟಗೆ ಆಸ್‌ನ ಮನೆಗೆ ನಡೆದು ವರ್ತಕನ ಸರಕನ್ನು ಬಿಡಿಸಿಕೊಟ್ಟರು. ಇದೇ ಹಿಲ್ಫುಲ್ ಫುಝೂಲ್. ಆಗ ಇಪ್ಪತ್ತರ ಹರೆಯದವರಾಗಿದ್ದ ಪ್ರವಾದಿ ಮುಹಮ್ಮದ್(ಸ) ಅದರಲ್ಲಿ ಪಾಲ್ಗೊಂಡಿದ್ದರು. ಎಷ್ಟೋ ವರ್ಷಗಳ ನಂತರ ಅದನ್ನು ಅಭಿಮಾನದಿಂದ ಸ್ಮರಿಸಿ, ಇಸ್ಲಾಮಿನ ಕಾಲದಲ್ಲಿಯೂ ಅಂತಹ ಕರಾರಿಗೆ ಕರೆದರೆ ತಾನು ಓಗೊಡುವೆನೆಂದು ಅವರು ಹೇಳಿದ್ದನ್ನು ಸೀರತ್ ಗ್ರಂಥಗಳು ದಾಖಲಿಸಿವೆ.

ಈ ಘಟನೆಯನ್ನು ನಮ್ಮ ಭಾಷಣಕಾರರು ಸೌಹಾರ್ದ ಸಭೆಗಳಲ್ಲಿ ಆಗಾಗ ಹೇಳುವುದುಂಟು. ಹೇಳುವಾಗ ಬೆಟ್ಟದ ಮೇಲಿನ ಪದ್ಯವನ್ನು ಬಿಟ್ಟು ಹೇಳುತ್ತಾರೆ. ಬಿಡಬಾರದು. ಹಾಡಿದವನು ಹೊರಗಿನವನು. ಅವನು ಹಾಡಿದ್ದು ಊರಿನ ಪ್ರತಿಷ್ಠಿತನ ವಿರುದ್ಧ. ಎದ್ದು ನಿಂತವರು ಆ ಪ್ರತಿಷ್ಠಿತನ ಸ್ವಂತ ಊರಿನವರು, ಸ್ವಂತ ಕುಲದವರು. ಅವರು 'ವಾಹ್' ಎಂದು ತಲೆದೂಗಿ ಮನೆಗೆ ಹೋಗಲಿಲ್ಲ. ತಮ್ಮವನ ಮನೆಯ ಬಾಗಿಲಿಗೆ ಹೋದರು. ನ್ಯಾಯದ ಪರ ನಿಲ್ಲುವಾಗ ಸ್ವತಃ ನಿಮ್ಮ ವಿರುದ್ಧ, ನಿಮ್ಮ ತಂದೆ-ತಾಯಿಯರ ವಿರುದ್ಧ, ಬಂಧುಗಳ ವಿರುದ್ಧವಾದರೂ ಸರಿಯೆ, ಸಾಕ್ಷ್ಯ ನುಡಿಯಿರೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಆಜ್ಞಾಪಿಸುತ್ತದೆ. ಆ ಆಯತನ್ನು ನಮ್ಮ ಗೋಡೆಗಳ ಕ್ಯಾಲೆಂಡರುಗಳಲ್ಲಿ ಅಚ್ಚು ಹಾಕಿಸಿದ್ದೇವೆ. ಅದರಡಿಯಲ್ಲಿಯೇ ಕುಳಿತು ಪಿಂಜಾರ, ಕಸಾಬ, ಛಪ್ಪರಬಂದ, ದರ್ವೇಶಿ ಎಂದು ಮನೆತನಗಳನ್ನು ತೂಗುತ್ತೇವೆ.

ಅಬೂ ಕುಬೈಸ್ ನಮ್ಮ ಭೀಮಾ ತೀರದಲ್ಲೂ ಇತ್ತು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲೂಕಿನಲ್ಲಿರುವ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪನವರು ನಮ್ಮ ಸೀಮೆಯ ತತ್ವಪದಗಳ ದೊಡ್ಡ ಹೆಸರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಏಕತಾರಿ ಹಿಡಿದು ಅವರು ಹಾಡಿದ ಪದಗಳ ಏಟು ಯಾರ ಮೇಲೆ ಬಿತ್ತು? ತಮ್ಮ ಮತದ ವೈರಿಗಳ ಮೇಲಲ್ಲ. ತಾವು ಬೆಳೆದ ಮಠ ಪರಂಪರೆಯ ಡಾಂಭಿಕ ಗುರುಗಳ ಮೇಲೆ, ಮಡಿ-ಮೈಲಿಗೆಯೆಂದು ಮನುಷ್ಯನನ್ನು ದೂರ ನಿಲ್ಲಿಸುವವರ ಮೇಲೆ, ಕುಲದ ಹೆಸರಿನಲ್ಲಿ ಮೆರೆಯುವವರ ಮೇಲೆ. ಆ ಕಾರಣಕ್ಕಾಗಿಯೇ ಅವರ ಸುತ್ತ ಹಲವು ಜಾತಿಗಳ ಶಿಷ್ಯರು ನೆರೆದರು. ಅವರಲ್ಲೊಬ್ಬರು ಮುಸ್ಲಿಮರು: ಚನ್ನೂರ ಜಲಾಲಸಾಹೇಬರು. ಅವರೂ ಕನ್ನಡದಲ್ಲಿ ಪದ ಕಟ್ಟಿದರು. ಇಂದಿಗೂ ಅಮಾವಾಸ್ಯೆಯ ರಾತ್ರಿ ನಮ್ಮ ಹಳ್ಳಿಗಳ ಭಜನೆಯ ಮೇಳಗಳಲ್ಲಿ ಕೂಲಿಕಾರರು, ದನಗಾಹಿಗಳು ಜಲಾಲಸಾಹೇಬರ ಹೆಸರನ್ನು ಗೌರವದಿಂದ ಎತ್ತುತ್ತಾರೆ.

ನಮ್ಮ ಮನೆಗಳಲ್ಲಿ? ಪಟ್ಟಣದ ಹತ್ತು ಮುಸ್ಲಿಮ್ ಮನೆಗಳ ಬಾಗಿಲು ತಟ್ಟಿ ಜಲಾಲಸಾಹೇಬರು ಯಾರೆಂದು ಕೇಳಿ ನೋಡಿರಿ. ಶಿಶುನಾಳ ಶರೀಫರನ್ನಾದರೂ ಸಿ. ಅಶ್ವತ್ಥ್‌ರ ಕಂಠದಿಂದಾಗಿ ನಾಡೇ ತಿಳಿಯಿತು. ಆ ದಾಕ್ಷಿಣ್ಯಕ್ಕಾದರೂ ನಾವು ಅವರ ಹೆಸರು ಹೇಳುತ್ತೇವೆ. ನಮ್ಮದೇ ಭೀಮೆಯ ನೀರು ಕುಡಿದ ಹಾಡುಗಾರ ನಮಗೆ ಬೇಡವಾದರು. ಈ ಮರೆವಿಗೆ ಎರಡು ಕಾರಣಗಳಿವೆ. ಎರಡಕ್ಕೂ ನಾವೇ ಜವಾಬ್ದಾರರು.

ಒಂದು, ಭಾಷೆಯ ಗತ್ತು. 1948ರ ತನಕ ಈ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿ, ಕೋರ್ಟು, ಶಾಲೆ ಎಲ್ಲವೂ ಉರ್ದುಮಯ. ಉರ್ದು ಬಲ್ಲವನು ಶರೀಫ, ಮನೆಯಲ್ಲಿ ಕನ್ನಡವನ್ನಾಡುವವನು ಗಾವಟಿ. ಉರ್ದುವಿನ ಮೇಲೆ ಈ ಲೇಖಕನಿಗೆ ಪ್ರೀತಿ ಕಡಿಮೆಯಿಲ್ಲ. ಆದರೆ ಹತ್ತಿ ಹಿಂಜುವ, ಹೊಲದಲ್ಲಿ ತೊಗರಿ ಕೊಯ್ಯುವ, ಸಂತೆಯಲ್ಲಿ ಹಣ್ಣು ಮಾರುವ ಮುಸ್ಲಿಮನ ದುಃಖ ಹೊರಬರುತ್ತಿದ್ದುದು ಕನ್ನಡದಲ್ಲಿಯೇ. ಅವನ ಪದವನ್ನು 'ಗಾವಟಿಗಳ ಹಾಡು' ಎಂದು ತಳ್ಳಿದೆವು. ಕುಲದ ಅಹಂಕಾರವು ಭಾಷೆಯ ಶೇರ್ವಾನಿ ತೊಟ್ಟು ಬಂದರೆ ಅದನ್ನು ಗುರುತಿಸುವುದು ಕಷ್ಟ.

ಎರಡನೆಯ ಕಾರಣವನ್ನು ಹೇಳುವುದು ನಮ್ಮಂತಹ ಸುಧಾರಣಾವಾದಿಗಳಿಗೆ ಇನ್ನೂ ಕಷ್ಟ. ಮೊಹರಮ್‌ನಲ್ಲಿ ನಮ್ಮ ಹಳ್ಳಿಗಳಲ್ಲಿ ಅಲಾಯಿ ಕುಣಿತದೊಂದಿಗೆ ಕನ್ನಡದ ರಿವಾಯತ್ ಪದಗಳನ್ನು ಹಾಡುತ್ತಿದ್ದರು. ಹಸನ್, ಹುಸೈನ್‌ರ(ರ) ಕಥೆ, ಕರ್ಬಲಾದ ಬಾಯಾರಿಕೆ, ಯಝೀದನ ಕ್ರೌರ್ಯ; ಅದರ ಜೊತೆಗೆ ಊರಿನ ಕಷ್ಟಸುಖವೂ ಸೇರಿಕೊಳ್ಳುತ್ತಿತ್ತು. ಹಾಡುವವರಲ್ಲಿ ಕುರುಬರು, ಕಬ್ಬಲಿಗರು, ಹೊಲೆಯರು, ಮಾದಿಗರು, ಮುಸ್ಲಿಮರು ಎಂಬ ಭೇದವಿರಲಿಲ್ಲ. ಕೆಂಡ ಹಾಯುವುದು, ಪಂಜಾಗಳಿಗೆ ಹರಕೆ ಹೊರುವುದು ತೌಹೀದ್‌ಗೆ ವಿರುದ್ಧವೆಂದು ನಾವು ಹೇಳಿದೆವು. ಸರಿಯಾಗಿಯೇ ಹೇಳಿದೆವು, ಇಂದೂ ಅದನ್ನೇ ಹೇಳುತ್ತೇವೆ. ಆದರೆ ಪಂಜಾದ ಜೊತೆಗೆ ಪದವನ್ನೂ ಹೂತೆವಲ್ಲ, ಅದು ಯಾವ ನ್ಯಾಯ? ಅಧಿಕಾರಕ್ಕೆ ತಲೆಬಾಗದೆ ನಿಂತವನ ಕಥೆಯನ್ನು ದಲಿತ ಕೇರಿಯ ಹಿರಿಯನೊಬ್ಬ ಕನ್ನಡದಲ್ಲಿ ಹಾಡುತ್ತಿದ್ದ. ಅವನ ಬಾಯಿಂದ ಅದನ್ನು ಕಸಿದುಕೊಂಡು ನಾವು ಅವನಿಗೆ ಏನು ಕೊಟ್ಟೆವು? ಅವನ ಕೈಗೆ ಕನ್ನಡದ ಒಂದು ಸೀರತ್ ಪುಸ್ತಕವನ್ನಾದರೂ ಕೊಟ್ಟಿದ್ದೇವೆಯೇ? ಹಳ್ಳಿಯ ಆಶೂರಖಾನದ ಅಂಗಳ ಖಾಲಿಯಾಯಿತು. ಖಾಲಿ ಅಂಗಳಕ್ಕೆ ಬೇರೆ ಹಾಡು, ಬೇರೆ ಧ್ವಜ ಬಂತು. 2022ರ ಮಾರ್ಚ್ 1ರ ಶಿವರಾತ್ರಿಯಂದು ಆಳಂದದಲ್ಲಿ ಲಾಡ್ಲೆ ಮಶಾಯಖ್ ದರ್ಗಾದ ವಿವಾದಕ್ಕೆ ಸಂಬಂಧಿಸಿ ಘರ್ಷಣೆ ನಡೆದು ಎರಡೂ ಕಡೆಯ ಬಡವರ ಮಕ್ಕಳು ಪೊಲೀಸು, ಕೋರ್ಟು ಎಂದು ಅಲೆದಾಗ, ಎರಡೂ ಕಡೆಯವರು ಒಟ್ಟಿಗೆ ಹಾಡಬಲ್ಲ ಒಂದು ಪದವಾದರೂ ನಮ್ಮ ಬಳಿ ಉಳಿದಿತ್ತೇ?

ಕರ್ಬಲಾದ ಬಗ್ಗೆ ಇನ್ನೊಂದು ಮಾತು. ಅಲ್ಲಿ ಹುಸೈನ್‌ರೊಂದಿಗೆ(ರ) ಹುತಾತ್ಮರಾದವರಲ್ಲಿ ಜೌನ್ ಎಂಬ ಕಪ್ಪು ವರ್ಣದ ವಿಮೋಚಿತ ಗುಲಾಮರಿದ್ದರು. ಅವರು ಹಿಂದೆ ಅಬೂಝರ್‌ರ(ರ) ಸೇವೆಯಲ್ಲಿದ್ದವರು. ಇದೇ ಅಬೂಝರ್(ರ) ಒಮ್ಮೆ ಸಿಟ್ಟಿನಲ್ಲಿ ಸಹಾಬಿಯೊಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದ್ದರು. ಹೀಯಾಳಿಕೆಗೊಳಗಾದವರು ಬಿಲಾಲ್(ರ), ಹೀಯಾಳಿಸಿದ್ದು ಕಪ್ಪು ಹೆಂಗಸಿನ ಮಗನೆಂದು ಎಂಬುದು ಪ್ರಸಿದ್ಧ. ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಅವರನ್ನು ತರಾಟೆಗೆ ತೆಗೆದುಕೊಂಡರು. ಗಮನಿಸಬೇಕಾದುದು, ಅಬೂಝರ್(ರ) ಕಪಟಿಯಾಗಿರಲಿಲ್ಲ. ಬಡವರ ಪರವಾಗಿ ಅವರಷ್ಟು ಗಟ್ಟಿಯಾಗಿ ಮಾತನಾಡಿದ ಸಹಾಬಿ ವಿರಳ. ಅಂಥವರಲ್ಲಿಯೂ ಅಡಗಿದ್ದ ವರ್ಣದ ಕಲೆ ನಮ್ಮಲ್ಲಿಲ್ಲವೆಂದು ನಾವು ಹೇಗೆ ನಂಬುತ್ತೇವೆ?

ನಮ್ಮ ಮನೆಗಳ ಹೆಣ್ಣು ನೋಡುವ ಶಾಸ್ತ್ರವನ್ನೇ ನೋಡಿ. ಜುಮಾ ಖುತ್ಬಾದಲ್ಲಿ ಬಿಲಾಲ್‌ರ(ರ) ಎದೆಯ ಮೇಲಿಟ್ಟ ಬಂಡೆಯ ಕಥೆ ಕೇಳಿ ಬಂದ ಮನೆಯ ಹಿರಿಯ ಹೆಂಗಸರು ಅಂದು ಸಂಜೆ ಹೆಣ್ಣಿನ ಮನೆಯಿಂದ ಹಿಂದಿರುಗುತ್ತ ಆಡುವ ಮೊದಲ ಮಾತು ಬಣ್ಣದ್ದು. ಹುಡುಗಿಯ ಬಣ್ಣ ಎಷ್ಟು ಗಾಢವೋ ಜೋಡೆ ಕೀ ರಖಮ್ ಅಷ್ಟು ಹೆಚ್ಚು. ಇದಕ್ಕೆ ಬೇರೆ ಯಾವ ಹೆಸರಿಡೋಣ? 2020ರ ಮೇ ತಿಂಗಳಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತಾಗ ನಮ್ಮ ಹುಡುಗರು ಮೊಬೈಲುಗಳಲ್ಲಿ ಕಪ್ಪು ಚಿತ್ರ ಹಾಕಿಕೊಂಡರು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 2016ರ ಜನವರಿ ಕೊನೆಯ ದಿನ ಬೆಂಗಳೂರಿನಲ್ಲಿ, ಯಾರೋ ಸುಡಾನಿನವನು ಮಾಡಿದ ಅಪಘಾತಕ್ಕಾಗಿ ಏನೂ ಅರಿಯದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಬಿದ್ದು ಹಲ್ಲೆ ಮಾಡಿತಲ್ಲ, ಆಗ ಯಾವ ಚಿತ್ರ ಬದಲಾಯಿತು? ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರಲ್ಲಿ ಗಣನೀಯ ಸಂಖ್ಯೆಯವರು ಮುಸ್ಲಿಮರು, ಬಿಲಾಲ್‌ರ(ರ) ಬಣ್ಣದವರು, ಬಿಲಾಲ್‌ರ(ರ) ಧರ್ಮದವರು. ನಮ್ಮ ಪಟ್ಟಣಗಳ ಯಾವ ಮುಸ್ಲಿಮ್ ಮನೆತನ ಅವರ ಮನೆಗೆ ಹೆಣ್ಣು ಕೇಳಲು ಹೋಗಿದೆ?

ಬಿಲ್ಲಿ ಹಾಲಿಡೇ ಎಂಬ ಕಪ್ಪು ಗಾಯಕಿ 1939ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್' ಎಂಬ ಹಾಡು ಮರಕ್ಕೆ ನೇಣು ಹಾಕಲ್ಪಟ್ಟ ಕಪ್ಪು ಜನರ ಕುರಿತಾದದ್ದು. ಅವಳೊಂದಿಗೆ ಒಪ್ಪಂದವಿದ್ದ ದೊಡ್ಡ ಧ್ವನಿಮುದ್ರಣ ಕಂಪನಿ ಅದನ್ನು ಮುಟ್ಟಲು ಹೆದರಿತು. ಸಣ್ಣ ಕಂಪನಿಯೊಂದು ಮುದ್ರಿಸಿತು. ಅದನ್ನು ಬರೆದಾತ ಏಬಲ್ ಮೀರೊಪೋಲ್ ಎಂಬ ಶಾಲಾ ಶಿಕ್ಷಕ, ಬಿಳಿಯ, ಯಹೂದಿ. ತನ್ನ ಬಣ್ಣದವರು ಮಾಡಿದ ಪಾತಕದ ಬಗ್ಗೆ ಅವನು ಬರೆದ. ಸಂತ್ರಸ್ತಳ ಕಂಠ, ಪಾತಕಿಗಳ ಬಣ್ಣದವನ ಲೇಖನಿ, ಎರಡೂ ಕೂಡಿದಾಗ ಬಿಳಿಯರ ನಾಡಿಗೆ ತಲೆ ತಪ್ಪಿಸಲು ದಾರಿ ಸಿಗಲಿಲ್ಲ. ಇಂದು ಗುಂಪು ಹತ್ಯೆಯೆಂದರೆ ನಮ್ಮ ಎದೆ ಝಲ್ಲೆನ್ನುತ್ತದೆ. 2018ರ ಜುಲೈನಲ್ಲಿ ನೆರೆಯ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ಆ ನೋವಿಗಾಗಿ ಹಿಂದೂ ಬಾಂಧವರಲ್ಲಿ ಒಬ್ಬ ಮೀರೊಪೋಲ್ ಹುಟ್ಟಲೆಂದು ನಾವು ಬಯಸುತ್ತೇವೆ. ಬಯಸುವ ಹಕ್ಕು ನಮಗಿದೆ. ನಮ್ಮ ತಪ್ಪಿನ ಬಗ್ಗೆ ಬರೆಯುವ ಮೀರೊಪೋಲ್ ನಮ್ಮಲ್ಲಿ ಹುಟ್ಟಿದರೆ ಅವನನ್ನು ಏನು ಮಾಡುತ್ತೇವೆ?

ಉತ್ತರ ಊಹೆಯದ್ದಲ್ಲ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆಯೆಂದು ಹೇಳಿದ್ದಕ್ಕಾಗಿ 2000ದಲ್ಲಿ ಹಾಸನದ ಬಾನು ಮುಷ್ತಾಕ್‌ರ ಕುಟುಂಬ ಸಾಮಾಜಿಕ ಬಹಿಷ್ಕಾರವನ್ನು ಎದುರಿಸಿತು. 2025ರಲ್ಲಿ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಸಂಘಟನೆಗಳ ಅಭಿನಂದನೆಯ ಬ್ಯಾನರುಗಳಿಗೆ ಗಲ್ಲಿಗಳೇ ಸಾಲಲಿಲ್ಲ. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದಿಲ್ಲ. ನಾನೂ ಎಲ್ಲವನ್ನೂ ಒಪ್ಪುವುದಿಲ್ಲ. ಆದರೆ ಬ್ಯಾನರ್ ಕಟ್ಟಿದವರಲ್ಲಿ ಎಷ್ಟು ಮಂದಿ ಆ ಹಳೆಯ ಬಹಿಷ್ಕಾರ ತಪ್ಪೆಂದು ಬಾಯಿಬಿಟ್ಟು ಹೇಳಿದರು?

ಕರ್ನಾಟಕದ ದಲಿತ ಹೋರಾಟವು ನಮಗಿಂತ ಬಹಳ ಮುಂಚೆ ಹಾಡನ್ನು ಬೀದಿಗೆ ತಂದಿತು. 1975ರಲ್ಲಿ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯೊಂದಿಗೆ ಅವರ ಹಾಡುಗಳು ಕೇರಿಯಿಂದ ಕೇರಿಗೆ ನಡೆದವು. ಅಕ್ಷರ ಬಾರದ ಜೀತದಾಳು ಸ್ವಾತಂತ್ರ್ಯ ಯಾರ ಮನೆಗೆ ಬಂದಿದೆಯೆಂದು ಹಾಡಿ ಕೇಳಿದನು. ಆ ಜಾಥಾ ನಮ್ಮ ಮೊಹಲ್ಲಾದ ಮುಂದೆ ಹಾದು ಹೋದಾಗ ನಾವು ಬಾಗಿಲಲ್ಲಿ ನಿಂತು ನೋಡಿದೆವು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. 2006ರಲ್ಲಿ ನ್ಯಾಯಾಲಯದಿಂದ ಆರೋಪಿಗಳೆಲ್ಲ ಬಿಡುಗಡೆಯಾದರು. ಅಂದಿನ ಯಾವ ಜುಮಾ ಖುತ್ಬಾದಲ್ಲಿ ಆ ಏಳು ಜನರ ಮಾತು ಬಂತು? 2021ರ ಜೂನ್ 11ರಂದು ಕೊರೊನಾ ಸೋಂಕಿನ ತರುವಾಯ ಸಿದ್ದಲಿಂಗಯ್ಯ ತೀರಿಕೊಂಡಾಗ ನಮ್ಮ ಪಟ್ಟಣಗಳಲ್ಲಿ ಸಂತಾಪ ಸಭೆ ಮಾಡಿದವರು ದಲಿತರು, ಎಡಪಂಥೀಯರು, ಸಾಹಿತ್ಯ ಪರಿಷತ್ತಿನವರು. ಸಮಾನತೆಯ ಧರ್ಮದವರೆಂದು ಹೇಳಿಕೊಳ್ಳುವ ನಮಗೆ ಅದು ಬೇರೆಯವರ ಮನೆಯ ಸಾವಾಗಿತ್ತು.

ಅದ್ಯಾಕೆ, ನಮ್ಮದೇ ಮನೆಯ ಕವಿಯ ಕಥೆಯನ್ನು ಕೇಳಿ. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಕೊಪ್ಪಳದ ಕವಿ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆ ಕೇಳುವವರನ್ನು ಪ್ರಶ್ನಿಸಿ ಒಂದು ಕನ್ನಡ ಕವಿತೆ ಓದಿದರು. ಮೊಕದ್ದಮೆ ದಾಖಲಾಯಿತು. ಫೆಬ್ರವರಿಯಲ್ಲಿ ಅವರೂ, ಅದನ್ನು ಪ್ರಸಾರ ಮಾಡಿದ ಪತ್ರಕರ್ತ ರಾಜಾಬಕ್ಷಿಯವರೂ ಬಂಧನಕ್ಕೊಳಗಾಗಿ ಬಳಿಕ ಜಾಮೀನು ಪಡೆದರು. ಕನ್ನಡದ ಲೇಖಕರು ಜಾತಿ-ಮತ ನೋಡದೆ ಅವರ ಬೆನ್ನಿಗೆ ನಿಂತರು. ಕವಿತೆ ಹಲವು ಭಾಷೆಗಳಿಗೆ ಹೋಯಿತು. ನಮ್ಮ ಮುಶಾಯರಾಗಳಲ್ಲಿ ಆ ಕವಿತೆಯನ್ನು ಯಾರಾದರೂ ಓದಿದರೇ? ದೂರದ ಉರ್ದು ಶಾಯರರಿಗೆ ವಿಮಾನದ ಟಿಕೇಟು ಕೊಟ್ಟು ಕರೆಸುವವರಿಗೆ ಕೊಪ್ಪಳ ಎಷ್ಟು ದೂರ?

ಇಷ್ಟು ಓದಿದವರಲ್ಲಿ ಕೆಲವರ ಹುಬ್ಬು ಗಂಟಿಕ್ಕಿರಬಹುದು. ಹಾಡು ಇಸ್ಲಾಮಿನಲ್ಲಿ ಸಮ್ಮತವೇ ಎಂಬ ಮೊದಲ ಪ್ರಶ್ನೆ ನನಗೆ ಕೇಳಿಸುತ್ತಿದೆ. ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ಇತ್ಯರ್ಥಪಡಿಸುವುದು ನನ್ನ ಕೆಲಸವಲ್ಲ. ಆದರೆ ಪದ್ಯದ ಬಗ್ಗೆ ಅಶ್ಶುಅರಾ ಅಧ್ಯಾಯದ ಕೊನೆಯ ವಚನಗಳನ್ನು ಪೂರ್ತಿ ಓದಬೇಕು. ದಾರಿಗೆಟ್ಟ ಕವಿಗಳನ್ನು ಖಂಡಿಸಿದ ಕೂಡಲೇ ಅಲ್ಲಿ ಒಂದು ವಿನಾಯಿತಿ ಬರುತ್ತದೆ: ವಿಶ್ವಾಸವಿರಿಸಿ, ಸತ್ಕರ್ಮಗೈದು, ತಮಗೆ ಅನ್ಯಾಯವಾದ ಮೇಲೆ ಪ್ರತಿರೋಧಿಸಿದವರಿಗೆ. ಹಸ್ಸಾನ್ ಬಿನ್ ಸಾಬಿತ್‌ರಿಗೆ(ರ) ಪ್ರವಾದಿವರ್ಯರ(ಸ) ಮಸೀದಿಯೊಳಗೇ ಪದ್ಯ ಹೇಳಲು ಜಾಗವಿತ್ತು. ನಿಷೇಧದ ವಚನವನ್ನು ಉರು ಹೊಡೆದು ವಿನಾಯಿತಿಯನ್ನು ಮರೆತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ತತ್ವಪದಗಳಲ್ಲಿ ಅದ್ವೈತವಿದೆ, ಗುರುಪೂಜೆಯಿದೆ, ನಮ್ಮ ಅಕೀದಾಕ್ಕೆ ಹೊಂದದ ಮಾತುಗಳಿವೆ ಎಂಬುದು ಇನ್ನೊಂದು ಆಕ್ಷೇಪ. ಇದೆ, ಅಲ್ಲಗಳೆಯುವುದಿಲ್ಲ. ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿದವರ ಅಕೀದಾ ಏನಾಗಿತ್ತು? ಅವರು ವಿಗ್ರಹಾರಾಧಕರಾಗಿದ್ದರು. ಆ ಕರಾರನ್ನು ಪ್ರವಾದಿವರ್ಯರು(ಸ) ಜೀವನಪರ್ಯಂತ ಗೌರವಿಸಿದರು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಪ್ರಾಮಾಣಿಕರೂ ಅದನ್ನು ಹೇಳುತ್ತಾರೆ. ಹೊರಗಿನಿಂದ ಬೆಂಕಿ ಬಿದ್ದಿರುವಾಗ ಮನೆಯೊಳಗಿನ ಬಿರುಕನ್ನು ಬೀದಿಗೆ ತರುವುದೇ? 2023ರ ಮಾರ್ಚ್‌ನಲ್ಲಿ ಚುನಾವಣೆಯ ಹೊಸ್ತಿಲಲ್ಲಿ ಆಗಿನ ಸರಕಾರ 2ಬಿ ಪ್ರವರ್ಗದ ಶೇಕಡಾ 4ರ ಮೀಸಲಾತಿಯನ್ನು ಕಿತ್ತು ಹಾಕಿದಾಗ ನಾವೆಲ್ಲ ಒಂದಾಗಿ ನಿಲ್ಲಬೇಕಾಗಿತ್ತಲ್ಲವೇ ಎಂದು ಅವರು ಕೇಳುತ್ತಾರೆ. ನಿಲ್ಲಬೇಕಾಗಿತ್ತು, ನಿಂತೆವು, ವಿಷಯ ಸುಪ್ರೀಮ್ ಕೋರ್ಟಿಗೆ ಹೋಗಿ ಆ ಆದೇಶ ಜಾರಿಯಾಗದೆ ಉಳಿಯಿತು. ಆದರೆ ಆ ಹೋರಾಟದಲ್ಲಿ ನಮ್ಮ ವಾದವೇನಿತ್ತು? ಮುಸ್ಲಿಮರು ಸಾಮಾಜಿಕವಾಗಿ ಹಿಂದುಳಿದಿದ್ದಾರೆ ಎಂದು. ಪಿಂಜಾರ, ನದಾಫ, ದರ್ವೇಶಿ, ಛಪ್ಪರಬಂದರು ಅದಕ್ಕಿಂತಲೂ ಹಿಂದುಳಿದ ಪ್ರವರ್ಗ 1ರಲ್ಲಿದ್ದಾರೆಂದು ಅಂಕಿ-ಅಂಶಗಳ ಸಹಿತ ಸಾರಿದೆವು. 2006ರ ಸಾಚಾರ್ ವರದಿಯು ಅಶ್ರಾಫ್, ಅಜ್ಲಾಫ್, ಅರ್ಝಲ್ ಎಂಬ ನಮ್ಮೊಳಗಿನ ಮೆಟ್ಟಿಲುಗಳನ್ನು ಹೆಸರಿಸಿಯೇ ಚರ್ಚಿಸಿದೆ. ಹೀಗೆ ಸರಕಾರದ ಮುಂದೆ ಪಿಂಜಾರನ ಹಿಂದುಳಿದಿರುವಿಕೆ ನಮ್ಮ ಪುರಾವೆ. ಮಗಳ ನಿಕಾಹ್‌ನ ಮುಂದೆ ಅದೇ ಹಿಂದುಳಿದಿರುವಿಕೆ ನಮ್ಮ ನೆಪ. ಅರ್ಜಿಗೆ ಬೇಕಾದವನು ಅಡುಗೆ ಮನೆಗೆ ಬೇಡವಾಗುವುದನ್ನು ಅವನು ನೋಡುತ್ತಿಲ್ಲವೆಂದು ತಿಳಿಯಬೇಡಿ. ಹೊರಗಿನ ಬೆಂಕಿಯನ್ನು ಆರಿಸಲು ನೀರು ಹೊರುವವರಲ್ಲಿ ಹೆಚ್ಚಿನವರು ಅವರೇ. ಬಿರುಕನ್ನು ಮುಚ್ಚಿಟ್ಟು ಅವರನ್ನು ಎಷ್ಟು ದಿನ ನೀರು ಹೊರಿಸುತ್ತೀರಿ?

ಮಾಡಬಹುದಾದದ್ದು ಬಹಳವಿದೆ, ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಹಾಡುವುದನ್ನು ಬಿಟ್ಟು ವರ್ಷಗಳಾದ ಒಬ್ಬ ಮುದುಕರಿದ್ದಾರೆ. ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ರಿವಾಯತ್ ಪದಗಳನ್ನೂ ತತ್ವಪದಗಳನ್ನೂ ಒಂದೇ ಕೈಬರಹದಲ್ಲಿ ಕನ್ನಡದಲ್ಲಿ ಬರೆದಿಟ್ಟ ನೋಟುಪುಸ್ತಕವಿದೆ. ಮಕ್ಕಳು ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಯಾರೂ ಕೇಳಿಕೊಂಡು ಬಂದಿಲ್ಲವೆಂದು ಅವರು ಹೇಳಿದರು. ನಮ್ಮ ಯುವಕ ಸಂಘಟನೆಗಳ ಬಳಿ ಒಳ್ಳೆಯ ಮೊಬೈಲುಗಳಿವೆ, ರವಿವಾರ ಬಿಡುವಿದೆ. ಹೋಗಿ ಧ್ವನಿಮುದ್ರಿಸಿಕೊಂಡು ಬರಲಿ. ತೌಹೀದ್‌ಗೆ ಹೊಂದದ್ದನ್ನು ಬೇಕಾದರೆ ಬದಿಗಿಡಲಿ, ಹೊಂದುವುದನ್ನು ಹಾಡಲಿ. ಜುಮಾ ಖುತ್ಬಾದ ಭಾಷಣವನ್ನು ತಿಂಗಳಲ್ಲಿ ಎರಡು ಸಲವಾದರೂ ಕನ್ನಡದಲ್ಲಿ ಮಾಡಲಿ. ಧ್ವನಿವರ್ಧಕದ ಮಾತು ಪಕ್ಕದ ಕೇರಿಗೂ ತಿಳಿಯಲಿ. ಮಸೀದಿ ಸಮಿತಿಗೆ ಸದಸ್ಯರನ್ನು ಆರಿಸುವಾಗ ಪಿಂಜಾರ ಓಣಿಯಿಂದ, ಕಸಾಬ ಓಣಿಯಿಂದ ಯಾರು ಬಂದಿದ್ದಾರೆಂದು ಲೆಕ್ಕ ಹಾಕಲಿ. ಆ ಲೆಕ್ಕವನ್ನು ಮಸೀದಿಯ ಗೋಡೆಗೆ ಅಂಟಿಸಲಿ.

ಸಭೆಯಲ್ಲಿ ಕಣ್ಣೊರೆಸಿಕೊಂಡ ಆ ಸದ್ಗೃಹಸ್ಥರನ್ನು ಮೊನ್ನೆ ಅಸರ್ ನಮಾಝಿನ ಬಳಿಕ ಮತ್ತೆ ಕಂಡೆ. ಹುಡುಗನ ಮನೆಗೆ ಏನು ಉತ್ತರ ಕಳುಹಿಸಿದಿರೆಂದು ಕೇಳಿದೆ. 'ಹುಡುಗ ಒಳ್ಳೆಯವನೇ. ಮಗಳಿಗೂ ಒಪ್ಪಿಗೆ. ನಮ್ಮ ಅಣ್ಣಂದಿರು ಏನೆನ್ನುತ್ತಾರೋ ಎಂದು ನೋಡುತ್ತಿದ್ದೇನೆ' ಎಂದರು. ಅಣ್ಣಂದಿರನ್ನು ಕೇಳಿದ್ದೀರಾ ಎಂದೆ. ಇನ್ನೂ ಕೇಳಿರಲಿಲ್ಲ.